ಬುಲೆಟ್ ಬಿದ್ದು ಬಾಗಿಲು ಬಂದ್ ಆದ್ಮೇಲೆ

ನಮ್ಮನೆ ಜೋಗಿಮಟ್ಟಿ ರೋಡ್ ಕಡೆ, ಭೂಮಿ ಅದುರಿದ್ರೂ ಗಾಡಿ ಬೀಳದಂಗೆ ನಿಲ್ಲಿಸೋದು ಹೆಂಗೆ ಅಂತ ಹೇಳ್ತೀನಿ, ಚಿತ್ರದುರ್ಗದಾಗೆ ಭೂಕಂಪನಾ ಅಂತ ನಗಬೇಡ್ರಿ, 2002ರ ಭೂಕಂಪ ಅಪಾಯದ ಮ್ಯಾಪಲ್ಲಿ ನಾವು ಜೋನ್ 2, ಅಂದ್ರೆ ಎಲ್ಲಕ್ಕಿಂತ ಕಮ್ಮಿ ಅಪಾಯ, ಆದ್ರೂ 1993ರಲ್ಲಿ ಮಹಾರಾಷ್ಟ್ರದ ಕಿಲ್ಲಾರಿಲಿ ಭೂಕಂಪ ಆದಾಗ ಬೆಳಗಿನ ಜಾವ ಪಾತ್ರೆ ಸ್ಟ್ಯಾಂಡ್ ಗಲಗಲ ಅಂದಿದ್ದನ್ನ ಅಪ್ಪ ಈಗ್ಲೂ ಹೇಳ್ತಾರೆ.

ನನಗೆ ಬುದ್ಧಿ ಬಂದಿದ್ದು ಭೂಕಂಪದಿಂದಲ್ಲ ಬಿಡಿ. ಪಕ್ಕದ ಸೈಟಲ್ಲಿ ಪಾಯಕ್ಕೆ ಬಂಡೆ ಸಿಡಿಸಿದ್ರು, ಸೆಂಟರ್ ಸ್ಟ್ಯಾಂಡಲ್ಲಿದ್ದ ನನ್ನ ಹಳೇ ಬುಲೆಟ್ ಮುಂದಕ್ಕೆ ಜಾರಿ ಆಕ್ಟಿವಾ ಮೇಲೆ ಬಿತ್ತು, ಎರಡೂ ಸೇರಿ ಗ್ರಿಲ್ ಬಾಗಿಲಿಗೆ ಅಡ್ಡ. ಅದು ಹೊರಗಡೆಗೆ ತೆಗೆಯೋ ಬಾಗಿಲು, ಅಮ್ಮ ಒಳಗೆ. ಕಾರ್ಬೊರೇಟರಿಂದ ಪೆಟ್ರೋಲ್ ಬೇರೆ ಸೋರ್ತಿತ್ತು, ನಾಲ್ಕಡಿ ಆಚೆ ತುಳಸಿ ದೀಪ.

ಈಗ ಬುಲೆಟ್ ಬಾಗಿಲ ನೇರಕ್ಕಿಲ್ಲ, ಕಾಂಪೌಂಡ್ ಪಕ್ಕ, ಸೈಡ್ ಸ್ಟ್ಯಾಂಡಲ್ಲಿ, ಫಸ್ಟ್ ಗೇರ್ ಹಾಕಿ, ಪೆಟ್ರೋಲ್ ಕಾಕ್ ಬಂದ್. ಸೆಂಟರ್ ಸ್ಟ್ಯಾಂಡ್ ಗಟ್ಟಿ ಅಂತ ನಾನೂ ಅಂದ್ಕೊಂಡಿದ್ದೆ, ಮುಂದಕ್ಕೆ ಒಂದು ನೂಕು ಬಿದ್ರೆ ಅದೇ ಮಡಚಿಕೊಳ್ಳುತ್ತೆ. ಸೈಡ್ ಸ್ಟ್ಯಾಂಡಲ್ಲಿ ಗಾಡಿ ಎಡಕ್ಕೆ ವಾಲಿರುತ್ತೆ, ಆ ಕಡೆ ಸ್ಟ್ಯಾಂಡೇ ತಡೀತದೆ, ಬೀಳೋ ಭಯ ಬಲಕ್ಕೆ, ಹಂಗಾಗಿ ಎಡಗಡೆ ನೆಲಕ್ಕೆ ಒಂದು ಕೊಂಡಿ ಹಾಕಿ ರಾಚೆಟ್ ಬೆಲ್ಟಲ್ಲಿ (ಹಿಡಿ ಆಡಿಸಿ ಬಿಗಿಯೋ ಪಟ್ಟಿ) ಫ್ರೇಮನ್ನ ಕೆಳಕ್ಕೆ ಕಟ್ಟಿದೀನಿ. ಬೆಲ್ಟಲ್ಲಿರೋ ಸಡಿಲ ಹೋಗೋವರೆಗೆ ಎಳೆದ್ರೆ ಸಾಕು, ಜೋರಾಗಿ ಬಿಗಿದ್ರೆ ಭಾರ ಎಲ್ಲ ಸೈಡ್ ಸ್ಟ್ಯಾಂಡ್ ಮೇಲೆ.

ಕೊಂಡಿ ಹಾಕೋದ್ರಲ್ಲೇ ನಾನು ಎಡವಿದ್ದು. ಮೊದಲು ಕಡಪ ಕಲ್ಲಿಗೇ ಡ್ರಿಲ್ ಹೊಡೆದೆ, ಬೆಲ್ಟ್ ಎಳೆದ ತಕ್ಷಣ ಕಲ್ಲು ಸಮೇತ ಎದ್ದು ಬಂತು, ಕೆಳಗೆ ಬರೀ ಮರಳು. ಆಮೇಲೆ ಕಲ್ಲು ಕಿತ್ತು, ಮರಳು ತೆಗೆದು, ಅದರಡಿ ಕಾಂಕ್ರೀಟ್‌ಗೆ 12 ಎಂಎಂ ಆಂಕರ್ ಬೋಲ್ಟ್ ಇಳಿಸಿದೆ, ತೂತಿನ ಪುಡಿ ಸೈಕಲ್ ಪಂಪಲ್ಲಿ ಊದಿ ತೆಗೀಬೇಕು, ಇಲ್ಲಾಂದ್ರೆ ಬೋಲ್ಟ್ ಕಚ್ಚಲ್ಲ.

ಆಕ್ಟಿವಾಗೆ ಗೇರಿಲ್ಲ ನೋಡಿ, ಅದಕ್ಕೆ ಬ್ರೇಕ್ ಹಿಡಿದೇ ಇರ್ಲಿ ಅಂತ ಲಿವರ್ ಒತ್ತಿ, ಹ್ಯಾಂಡಲ್ ಸೇರಿಸಿ ಹಳೇ ಸೈಕಲ್ ಟ್ಯೂಬ್ ತುಂಡು ಸುತ್ತೀನಿ. ಎರಡು ಗಾಡಿ ಮಧ್ಯೆ ಮೂರಡಿ ಗ್ಯಾಪ್.

ಒಂದಿನ ಬೆಲ್ಟ್ ಬಿಚ್ಚೋದು ಮರೆತು ಕ್ಲಚ್ ಬಿಟ್ಟೆ, ಎದುರುಮನೆಯವ್ರ ಮುಂದೆನೇ ಜರ್ಕ್ ಹೊಡೆದು ನಿಂತೆ. ಅವತ್ತಿಂದ ಗಾಡಿ ಕೀನ ಬೆಲ್ಟ್ ಹುಕ್ಕಿಗೇ ನೇತಾಕ್ತೀನಿ.