ಹಿಗ್ಗುವ ದುಂಡು ಮೇಜು: ಒಳಗಿನ ಯಂತ್ರವನ್ನು ವಿನ್ಯಾಸ ಮಾಡುವುದು ಹೇಗೆ?

ಆಯತಾಕಾರದ ಮೇಜನ್ನು ದೊಡ್ಡದು ಮಾಡುವುದು ಕಷ್ಟವಲ್ಲ. ನಡುವೆ ಸೀಳಿ, ಎರಡು ಅರ್ಧಗಳನ್ನು ಅತ್ತಿತ್ತ ಎಳೆದು, ತೆರಪಿನಲ್ಲಿ ಒಂದು ಹಲಗೆ ಇಟ್ಟರೆ ಕೆಲಸ ಮುಗಿಯುತ್ತದೆ. ದುಂಡು ಮೇಜಿಗೆ ಇದನ್ನೇ ಮಾಡಿದರೆ ಅದು ಉದ್ದುದ್ದ ಆಗುತ್ತದೆಯೇ ಹೊರತು ದುಂಡಗೆ ಉಳಿಯುವುದಿಲ್ಲ. ದುಂಡಗೇ ಉಳಿಯಬೇಕಾದರೆ ಮೇಜು ಎಲ್ಲ ದಿಕ್ಕುಗಳಿಗೂ ಒಟ್ಟಿಗೆ, ಸಮವಾಗಿ ಬೆಳೆಯಬೇಕು. ಲಂಡನ್ನಿನ ರಾಬರ್ಟ್ ಜೂಪ್ 1835ರಲ್ಲಿ ಪೇಟೆಂಟ್ ಪಡೆದ ಮೇಜಿನಲ್ಲಿ ಈ ಸಮಸ್ಯೆಗೆ ಉತ್ತರವಿತ್ತು: ಮೇಲ್ಮೈಯನ್ನು ಕೇಂದ್ರದಿಂದ ಅಂಚಿನವರೆಗೆ ಹೋಳುಗಳಾಗಿ ಕತ್ತರಿಸಿ, ಅವೆಲ್ಲವೂ ಏಕಕಾಲಕ್ಕೆ ಹೊರಗೆ ಸರಿಯುವಂತೆ ಮಾಡಿ, ನಡುವಿನ ತೆರಪುಗಳಿಗೆ ಪಟ್ಟಿಗಳನ್ನು ಕೂರಿಸುವುದು. ಇಂದು ಮನೆಯಲ್ಲಿ ಇಂಥ ಮೇಜು ಮಾಡಹೊರಡುವವರಿಗೂ ಇದೇ ದಾರಿ. ಮರಗೆಲಸದ ಕೈಚಳಕಕ್ಕಿಂತ ಕಾಗದದ ಮೇಲಿನ ಲೆಕ್ಕವೇ ಇಲ್ಲಿ ಮುಖ್ಯವಾದ್ದರಿಂದ, ಗರಗಸ ಹಿಡಿಯುವ ಮೊದಲು ಎಲ್ಲ ಅಳತೆಗಳನ್ನೂ ತೀರ್ಮಾನಿಸಿಬಿಡಬೇಕು.

ಮೊದಲು ಮೂರು ಅಂಕಿಗಳು

ಮುಚ್ಚಿದ ಮೇಜಿನ ತ್ರಿಜ್ಯ, ಹೋಳುಗಳ ಸಂಖ್ಯೆ, ಪ್ರತಿ ಹೋಳು ಹೊರಸರಿಯುವ ದೂರ: ಉಳಿದೆಲ್ಲ ಅಳತೆಗಳೂ ಈ ಮೂರರಿಂದಲೇ ಹುಟ್ಟುತ್ತವೆ. ಹೋಳುಗಳು ಆರು ಇರಲಿ ಎಂಬುದು ನನ್ನ ಸ್ಪಷ್ಟ ಸಲಹೆ. ಪ್ರತಿ ಹೋಳು ತನ್ನ ನಡುಗೆರೆಯ ಗುಂಟ ಹೊರಗೆ ಸರಿದಾಗ ಅಕ್ಕಪಕ್ಕದ ಹೋಳುಗಳ ಅಂಚುಗಳು ಪರಸ್ಪರ ಸಮಾಂತರವಾಗಿಯೇ ಉಳಿಯುತ್ತವೆ. ಹೋಳುಗಳು ಆರಾದರೆ ಆ ಸಮಾಂತರ ತೆರಪಿನ ಅಗಲ, ಹೋಳು ಸರಿದ ದೂರಕ್ಕೆ ಸರಿಯಾಗಿ ಸಮ. ಎಂಟು ಹೋಳುಗಳಾದರೆ ತೆರಪು ಸರಿದ ದೂರದ 0.765 ಪಾಲು ಮಾತ್ರ ಆಗುತ್ತದೆ, ಜೊತೆಗೆ ಕೂಡುಗಳೂ ಚಲಿಸುವ ಭಾಗಗಳೂ ಹೆಚ್ಚುತ್ತವೆ.

ಇಲ್ಲಿ 600 ಮಿ.ಮೀ. ತ್ರಿಜ್ಯ, ಆರು ಹೋಳು, 150 ಮಿ.ಮೀ. ಸರಿತ ಎಂದು ಇಟ್ಟುಕೊಳ್ಳೋಣ. ಆಗ ನಡುವೆ ಸೇರುವ ಪ್ರತಿ ಪಟ್ಟಿಯೂ 150 ಮಿ.ಮೀ. ಅಗಲ, 600 ಮಿ.ಮೀ. ಉದ್ದದ ಆಯತ, ಅದರ ಒಳತುದಿಗೆ 150 ಮಿ.ಮೀ. ಬಾಹುವಿನ ಒಂದು ಸಮಬಾಹು ತ್ರಿಕೋನ. ಆರು ಪಟ್ಟಿಗಳ ಈ ಚೂಪು ತುದಿಗಳು ಮೇಜಿನ ಕೇಂದ್ರದಲ್ಲಿ ಕೂಡುತ್ತವೆ. ತ್ರಿಕೋನದ ಎತ್ತರ 130 ಮಿ.ಮೀ. ಆದ್ದರಿಂದ ಪಟ್ಟಿಯ ಒಟ್ಟು ಉದ್ದ 730 ಮಿ.ಮೀ.

ಪಟ್ಟಿಯ ಹೊರತುದಿಯನ್ನು ಕಮಾನಿನಂತೆ ಬಾಗಿಸಬೇಕೆಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಅದನ್ನು ನೇರವಾಗಿಯೇ ಕತ್ತರಿಸಬೇಕು. ಹೋಳಿನ ಕಮಾನು ಅದರ ಮೂಲೆಗೆ ಬಂದು ಮುಟ್ಟುವಾಗ ಪಕ್ಕದಂಚಿಗೆ ಲಂಬವಾಗಿರುತ್ತದೆ. ಪಟ್ಟಿಯ ನೇರ ತುದಿಯೂ ಅದೇ ಅಂಚಿಗೆ ಲಂಬವಾದ್ದರಿಂದ ಎರಡೂ ಮುರುಕಿಲ್ಲದೆ ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಅಂಚಿನ ಮೇಲೆ ಬೆರಳಾಡಿಸಿದರೂ ಕೂಡು ತಿಳಿಯುವುದಿಲ್ಲ. ಹಿಗ್ಗಿದ ಮೇಜು ಪಕ್ಕಾ ವೃತ್ತವಲ್ಲ ಎಂಬುದು ನಿಜ: ಹೋಳಿನ ನಡುವೆ ತ್ರಿಜ್ಯ 750 ಮಿ.ಮೀ., ಪಟ್ಟಿಯ ನಡುವೆ 730. ಈ 20 ಮಿ.ಮೀ. ವ್ಯತ್ಯಾಸ ಕಣ್ಣಿಗೆ ಹೊಡೆಯುವಂಥದ್ದಲ್ಲ. ಪರಿಧಿ ಸುಮಾರು 3,770 ಮಿ.ಮೀ.ನಿಂದ 4,670ಕ್ಕೆ ಏರುತ್ತದೆ. ಒಬ್ಬರಿಗೆ 600 ಮಿ.ಮೀ. ಜಾಗ ಎಂದು ಹಿಡಿದರೆ, ಆರು ಜನ ಆರಾಮವಾಗಿ ಕೂರುವ ಮೇಜಿನಲ್ಲಿ ಏಳು ಜನ ಧಾರಾಳವಾಗಿಯೂ ಎಂಟು ಜನ ಸ್ವಲ್ಪ ಒತ್ತಿಕೊಂಡೂ ಕೂರಬಹುದು.

ತಿರುಗುವಿಕೆಯನ್ನು ಸರಿಯುವಿಕೆಯಾಗಿ ಬದಲಿಸುವುದು

ಆರು ಹೋಳುಗಳನ್ನು ಒಂದೊಂದಾಗಿ ಎಳೆಯುವ ಬದಲು ಒಂದೇ ಹಿಡಿಯನ್ನು ತಿರುಗಿಸಿದರೆ ಎಲ್ಲವೂ ಸರಿಯಬೇಕು. ಇದಕ್ಕೆ ಎರಡು ಉಪಾಯಗಳು ಸಾಮಾನ್ಯವಾಗಿ ಹೊಳೆಯುತ್ತವೆ. ಒಂದು, ನಡುವಿನ ಚಕ್ರದಿಂದ ಪ್ರತಿ ಹೋಳಿಗೆ ಒಂದು ಕೊಂಡಿ ಜೋಡಿಸುವುದು. ಇನ್ನೊಂದು, ತಿರುಗುವ ತಟ್ಟೆಯಲ್ಲಿ ಸುರುಳಿಯಾಕಾರದ ಸೀಳುಗಳನ್ನು ಕೊರೆದು, ಹೋಳಿನ ಅಡಿಯ ಗೂಟ ಆ ಸೀಳಿನಲ್ಲಿ ಓಡುವಂತೆ ಮಾಡುವುದು.

ಕೊಂಡಿಯ ಉಪಾಯ ಸರಳವಾಗಿ ಕಾಣುತ್ತದೆ. ಆದರೆ 150 ಮಿ.ಮೀ. ಸರಿತಕ್ಕೆ, ಚಕ್ರದ ಗೂಟ ಕೇಂದ್ರದಿಂದ 100 ಮಿ.ಮೀ. ದೂರದಲ್ಲಿದ್ದು ಕೊಂಡಿಯ ಉದ್ದ 200 ಮಿ.ಮೀ. ಆಗಿದ್ದರೆ, ಚಕ್ರವು ಸುಮಾರು 104 ಡಿಗ್ರಿ ತಿರುಗಬೇಕಾಗುತ್ತದೆ. ಪಕ್ಕದ ಕೊಂಡಿಗಳ ನಡುವೆ ಇರುವುದು 60 ಡಿಗ್ರಿ ಮಾತ್ರ. ಹೀಗಾಗಿ ಮೇಜು ಮುಚ್ಚಿದಾಗ ಕೊಂಡಿಗಳು ಒಂದರ ಮೇಲೊಂದು ಅಡ್ಡ ಬರುತ್ತವೆ, ಅವನ್ನು ಬೇರೆ ಬೇರೆ ಮಟ್ಟದಲ್ಲಿ ಜೋಡಿಸಬೇಕಾಗುತ್ತದೆ ಅಥವಾ ಬಾಗಿಸಬೇಕಾಗುತ್ತದೆ. ಸುರುಳಿ ಸೀಳುಗಳು ಒಂದೇ ತಟ್ಟೆಯಲ್ಲಿ, ಒಂದೇ ಮಟ್ಟದಲ್ಲಿ, ಎಲ್ಲಿಯೂ ಒಂದನ್ನೊಂದು ದಾಟದೆ ಇರುತ್ತವೆ. ಮನೆಯ ಕೆಲಸಕ್ಕೆ ಇದೇ ಒಳ್ಳೆಯದು.

ಜೋಡಣೆಯಲ್ಲಿ ಎರಡು ತಟ್ಟೆಗಳಿರಲಿ, ಎರಡೂ 18 ಮಿ.ಮೀ. ಪ್ಲೈವುಡ್, ಎರಡರ ತ್ರಿಜ್ಯವೂ 420 ಮಿ.ಮೀ. ಮೇಲಿನದು ಕಾಲಿಗೆ ಗಟ್ಟಿಯಾಗಿ ಕೂತ ಸ್ಥಿರ ತಟ್ಟೆ. ಅದರಲ್ಲಿ ಕೇಂದ್ರದಿಂದ ಹೊರಮುಖವಾಗಿ ಆರು ನೇರ ಸೀಳುಗಳು. ಕೆಳಗಿನದು ತಿರುಗುವ ತಟ್ಟೆ. ಅದರಲ್ಲಿ ಆರು ಸುರುಳಿ ಸೀಳುಗಳು. ಹೋಳಿನ ಚೂಪು ತುದಿಯಿಂದ 200 ಮಿ.ಮೀ. ದೂರದಲ್ಲಿ, ನಡುಗೆರೆಯ ಮೇಲೆ, 8 ಮಿ.ಮೀ. ಬೋಲ್ಟ್ ಒಂದು ಕೆಳಗಿಳಿದು ಎರಡೂ ಸೀಳುಗಳನ್ನು ಹಾಯುತ್ತದೆ. ಅದರ ತುದಿಗೆ 608 ಸಂಖ್ಯೆಯ ಬೇರಿಂಗ್ ಹಾಕಬೇಕು. ಇದರ ಒಳರಂಧ್ರ 8, ಹೊರವ್ಯಾಸ 22, ದಪ್ಪ 7 ಮಿ.ಮೀ. ಸುರುಳಿ ಸೀಳಿನ ಅಗಲ 22.3 ಮಿ.ಮೀ. ಇದ್ದರೆ ಬೇರಿಂಗ್ ಒಂದು ಗೋಡೆಗೆ ಮಾತ್ರ ತಾಗಿ ಉರುಳುತ್ತದೆ. ಎರಡೂ ಗೋಡೆಗಳಿಗೆ ತಾಗಿದರೆ ಉರುಳಲಾರದೆ ಉಜ್ಜುತ್ತದೆ.

ಸುರುಳಿಯನ್ನು ಬಿಡಿಸುವ ಬಗೆ

ಸುರುಳಿ ಕಡಿದಾಗಿದ್ದಷ್ಟೂ ಹಿಡಿ ಬಿಗಿಯಾಗುತ್ತದೆ. ಸೀಳಿನ ದಿಕ್ಕು ವೃತ್ತದ ದಿಕ್ಕಿಗಿಂತ 30 ಡಿಗ್ರಿಗೂ ಹೆಚ್ಚು ಓರೆಯಾದರೆ ಬೇರಿಂಗಿನ ಒತ್ತಡ ಹೋಳನ್ನು ಹೊರಗೆ ದೂಡುವ ಬದಲು ಪಕ್ಕಕ್ಕೆ ತಳ್ಳುವುದರಲ್ಲೇ ವ್ಯಯವಾಗುತ್ತದೆ. ನಮ್ಮ ಸೀಳು 90 ಡಿಗ್ರಿ ತಿರುಗುವಷ್ಟರಲ್ಲಿ 200ರಿಂದ 358 ಮಿ.ಮೀ. ತ್ರಿಜ್ಯಕ್ಕೆ ಏರಲಿ. ಆಗ ಓರೆ ಆರಂಭದಲ್ಲಿ ಸುಮಾರು 27 ಡಿಗ್ರಿ, ಕೊನೆಯಲ್ಲಿ 16 ಡಿಗ್ರಿ. ಇದನ್ನು 60 ಡಿಗ್ರಿಯಲ್ಲೇ ಮುಗಿಸುವ ಆಸೆ ಬೇಡ. ಓರೆ 37 ಡಿಗ್ರಿ ದಾಟುತ್ತದೆ.

ಬೇಕಾದದ್ದು 150 ಮಿ.ಮೀ. ಸರಿತವಾದರೂ 158ಕ್ಕೆ ಏರಿಸಿದ್ದಕ್ಕೆ ಕಾರಣವಿದೆ. ತೆರಪು ಪಟ್ಟಿಗಿಂತ 8 ಮಿ.ಮೀ. ಹೆಚ್ಚು ಅಗಲವಾದಾಗ ಪಟ್ಟಿಯನ್ನು ಅಂಚು ತಾಗದಂತೆ ಸುಲಭವಾಗಿ ಇಳಿಸಬಹುದು. ಆ ಬಳಿಕ ಹಿಡಿಯನ್ನು ಇನ್ನೂ 10 ಡಿಗ್ರಿ ಮುಂದಕ್ಕೆ ತಿರುಗಿಸಿದರೆ, ಸೀಳು ಮತ್ತೆ ಒಳಮುಖವಾಗಿ 350ಕ್ಕೆ ಇಳಿದು, ಹೋಳುಗಳು ಪಟ್ಟಿಗಳನ್ನು ಎಲ್ಲ ಕಡೆಯಿಂದಲೂ ಒತ್ತಿ ಹಿಡಿಯುತ್ತವೆ. ಅಲ್ಲಿಂದ ಮುಂದೆ 6 ಡಿಗ್ರಿಯಷ್ಟು ಸೀಳು ಶುದ್ಧ ವೃತ್ತದ ಕಮಾನಾಗಿರಲಿ. ಅಲ್ಲಿ ಬೇರಿಂಗ್ ಕೂತಿದ್ದಾಗ ಯಾರಾದರೂ ಹೋಳನ್ನು ಎಳೆದರೂ ತಳ್ಳಿದರೂ ತಟ್ಟೆ ತಾನಾಗಿ ತಿರುಗುವುದಿಲ್ಲ. 200ರ ಕಡೆಯ ತುದಿಯಲ್ಲೂ ಇಷ್ಟೇ ಉದ್ದದ ಕಮಾನು ಬೇಕು. ಬೇರೆ ಚಿಲಕ ಹಾಕುವ ಅಗತ್ಯವೇ ಬೀಳದು. ಇಡೀ ಯಂತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದೇ.

ಸುರುಳಿಯನ್ನು ಗುರುತಿಸಲು ಕೇಂದ್ರದಿಂದ 10 ಡಿಗ್ರಿಗೊಂದು ಗೆರೆ ಎಳೆದು, ಅವುಗಳ ಮೇಲೆ ಕ್ರಮವಾಗಿ 200, 217.6, 235.1, 252.7, 270.2, 287.8, 305.3, 322.9, 340.4, 358 ಮಿ.ಮೀ. ದೂರದಲ್ಲಿ ಬಿಂದುಗಳನ್ನಿಟ್ಟು, ಬಾಗುವ ತೆಳು ಪಟ್ಟಿಯೊಂದನ್ನು ಅವುಗಳ ಗುಂಟ ಹಿಡಿದು ಗೆರೆ ಎಳೆಯಬೇಕು. ಇದೊಂದನ್ನು ಅಚ್ಚಾಗಿ ಕತ್ತರಿಸಿಕೊಂಡು, ಕೇಂದ್ರದ ಮೊಳೆಯ ಸುತ್ತ 60 ಡಿಗ್ರಿಗೊಮ್ಮೆ ತಿರುಗಿಸಿ, ರೂಟರ್‌ನಿಂದ (ಮರದಲ್ಲಿ ಸೀಳು ಕೊರೆಯುವ ವಿದ್ಯುತ್ ಉಪಕರಣ) ಆರೂ ಸೀಳುಗಳನ್ನು ಕೊರೆಯಬೇಕು. ಅಚ್ಚಿನಲ್ಲಿ ಸಣ್ಣ ಅಂಕುಡೊಂಕು ಇದ್ದರೂ ಅದು ಆರರಲ್ಲೂ ಒಂದೇ ರೀತಿ ಇರುತ್ತದೆ, ಹೋಳುಗಳು ಒಟ್ಟಿಗೇ ಸರಿಯುತ್ತವೆ. ಆರನ್ನೂ ಬೇರೆ ಬೇರೆಯಾಗಿ ಗುರುತಿಸಿ ಕೊರೆದರೆ ಈ ಭರವಸೆ ಇರುವುದಿಲ್ಲ. ಮೊದಲು ದಪ್ಪ ರಟ್ಟಿನಲ್ಲಿ ಐದನೇ ಒಂದು ಅಳತೆಯ ಮಾದರಿ ಮಾಡಿ ತಿರುಗಿಸಿ ನೋಡುವುದು ತೀರಾ ಅಗತ್ಯ.

ಹೋಳು ಓರೆಯಾಗದಂತೆ, ಎದ್ದೇಳದಂತೆ

ಪ್ರತಿ ಹೋಳಿನ ಅಡಿಗೆ 240 ಮಿ.ಮೀ. ಉದ್ದ, 120 ಮಿ.ಮೀ. ಅಗಲದ ಗಟ್ಟಿಮರದ ತುಂಡೊಂದನ್ನು, ಹೋಳಿನ ತುದಿಯಿಂದ 110 ಮಿ.ಮೀ. ಬಿಟ್ಟು ಕೂರಿಸಬೇಕು. ಅದು ಸ್ಥಿರ ತಟ್ಟೆಯ ಮೇಲಿನ ಎರಡು ಸಮಾಂತರ ಹಳಿಗಳ ನಡುವೆ ಓಡುತ್ತದೆ. ಹಳಿಯೊಳಗೆ ಉಳಿದ ಉದ್ದವು ಅಗಲಕ್ಕಿಂತ ಕಡಿಮೆಯಾದರೆ, ಅಗಲವಾದ ಡ್ರಾಯರ್ ಓರೆಯಾಗಿ ಸಿಕ್ಕಿಕೊಳ್ಳುವಂತೆ ಇದೂ ಸಿಕ್ಕಿಕೊಳ್ಳುತ್ತದೆ. ನಮ್ಮ ಅಳತೆಯಲ್ಲಿ ಮೇಜು ಹಿಗ್ಗಿ ನಿಂತಾಗ 160 ಮಿ.ಮೀ., 158 ಮಿ.ಮೀ. ಸರಿದ ಗಳಿಗೆಯಲ್ಲೂ 152 ಮಿ.ಮೀ. ಒಳಗೇ ಉಳಿಯುವುದರಿಂದ ಆ ಚಿಂತೆಯಿಲ್ಲ.

ಹೆಚ್ಚು ಗಮನ ಬೇಡುವುದು ಮೇಲೆತ್ತುವ ಬಲ. ಹಿಗ್ಗಿದ ಮೇಜಿನ ಅಂಚಿನಲ್ಲಿ 20 ಕೆ.ಜಿ. ಭಾರ ಬಿದ್ದರೆ, ತಟ್ಟೆಯ ಅಂಚು ಮೀಟುಗೋಲಿನ ಆಧಾರದಂತಾಗಿ, ತುಂಡಿನ ಒಳತುದಿ ಸುಮಾರು 41 ಕೆ.ಜಿ. ಬಲದಿಂದ ಮೇಲೇಳಲು ನೋಡುತ್ತದೆ. ಆದ್ದರಿಂದ ಹಳಿಗಳು ಪಕ್ಕದಿಂದ ಹಿಡಿದರೆ ಸಾಲದು. ತುಂಡಿನ ಎರಡೂ ಬದಿಗೆ ಉದ್ದಕ್ಕೂ ತೋಡು ತೆಗೆದು, ಹಳಿಯ ನಾಲಿಗೆ ಅದರೊಳಗೆ ಹೊಕ್ಕು ಮೇಲಿನಿಂದಲೂ ಹಿಡಿಯಬೇಕು, ಹಳಿಗಳನ್ನು ಸ್ಕ್ರೂ ಬದಲು ಬೋಲ್ಟುಗಳಿಂದ ಬಿಗಿಯಬೇಕು. ಡ್ರಾಯರ್‌ನ ಸ್ಲೈಡುಗಳನ್ನು ಮಲಗಿಸಿ ಬಳಸುವವರಿದ್ದಾರೆ. ನೆಟ್ಟಗೆ ನಿಂತು ಭಾರ ಹೊರಲು ಮಾಡಿದ ಆ ಸ್ಲೈಡುಗಳು ಮಲಗಿಸಿದಾಗ ಬಹಳ ಕಡಿಮೆ ಭಾರ ತಾಳುತ್ತವೆ.

ಪಟ್ಟಿಗಳಿಗೂ ಆಸರೆ ಬೇಕು. ಪ್ರತಿ ಹೋಳಿನ ಬಲ ಅಂಚಿನ ಅಡಿಗೆ, ಚೂಪು ತುದಿಯಿಂದ 250 ಮಿ.ಮೀ. ಬಿಟ್ಟು, 20 ಮಿ.ಮೀ. ಹೊರಚಾಚುವ ತುಟಿಯೊಂದನ್ನು ಅಂಟಿಸಬೇಕು. ಪಟ್ಟಿಯ ಬಲ ಅಂಚಿಗೂ ಅಂಥದ್ದೇ ತುಟಿ. ಎಡ ಅಂಚುಗಳಿಗೆ ಏನೂ ಬೇಡ. ಮೇಜು ಮುಚ್ಚಿದಾಗ ಪ್ರತಿ ತುಟಿಯೂ ಪಕ್ಕದ ಹೋಳಿನ ಅಡಿ ಸೇರಿ ಎರಡನ್ನೂ ಒಂದೇ ಮಟ್ಟದಲ್ಲಿ ಇಡುತ್ತದೆ. ಪಟ್ಟಿಗಳ ಚೂಪು ತುದಿಗಳಿಗೆ ಕೇಂದ್ರದಲ್ಲಿ 90 ಮಿ.ಮೀ. ತ್ರಿಜ್ಯದ ಒಂದು ದುಂಡು ಬಿಲ್ಲೆ ಸಾಕು.

ತಾವಾಗಿ ಏಳುವ ಪಟ್ಟಿಗಳು ಬೇಕೆಂದರೆ

ಹೋಳುಗಳು ಸರಿದಂತೆ ಪಟ್ಟಿಗಳು ಅಡಿಯಿಂದ ತಾವೇ ಎದ್ದು ಬರುವ ಮೇಜುಗಳೂ ಇವೆ. 730 ಮಿ.ಮೀ. ಪಟ್ಟಿ 600 ಮಿ.ಮೀ. ತ್ರಿಜ್ಯದ ಅಡಿಯಲ್ಲಿ ಅಡಗುವುದಿಲ್ಲವಾದ್ದರಿಂದ ಅದನ್ನು ಮೊಟಕುಗೊಳಿಸಿ, ಕೇಂದ್ರದ ಭಾಗವನ್ನು ನಕ್ಷತ್ರಾಕಾರದ ಪ್ರತ್ಯೇಕ ಹಲಗೆಯಾಗಿ ಮಾಡಬೇಕು. ಮುಚ್ಚಿದಾಗ ಹೋಳು, ಅದರಡಿ ಪಟ್ಟಿ, ಅದರಡಿ ನಕ್ಷತ್ರ ಎಂದು ಮೂರು ಮಟ್ಟಗಳಾಗುತ್ತವೆ. ಇನ್ನೊಂದು ತೊಡಕೂ ಇದೆ: ತೆರಪು ಪೂರ್ತಿ ಅಗಲವಾಗುವವರೆಗೆ ಪಟ್ಟಿ ಒಳಹೊಗಲಾರದು. ಅಂಚುಗಳನ್ನು ಓರೆಯಾಗಿ ಕತ್ತರಿಸಿ, ಪಟ್ಟಿಯ ಕೆಳಮೈ ಪ್ರತಿ ಬದಿಗೂ 3 ಮಿ.ಮೀ. ಅಗಲವಾಗಿಯೂ ಹೋಳಿನ ಅಂಚು ಅದಕ್ಕೆ ಹೊಂದುವಂತೆಯೂ ಮಾಡಿದರೆ, ಸರಿತದ ಕೊನೆಯ 6 ಮಿ.ಮೀ.ನಲ್ಲಿ ಪಟ್ಟಿ ಏರಿ ಕೂರುತ್ತದೆ, ಹೋಳಿನ ಓರೆ ಅಂಚು ಅಡ್ಡ ನಿಲ್ಲುವುದರಿಂದ ಮೇಲ್ಮೈಯನ್ನು ಮೀರಿ ಏಳುವುದೂ ಇಲ್ಲ. ಆದರೆ ಮೊದಲ ಮೇಜಿಗೆ ಕೈಯಿಂದ ಇಡುವ ಪಟ್ಟಿಗಳೇ ಸಾಕೆಂದು ಒತ್ತಿ ಹೇಳುತ್ತೇನೆ.

ಕಾಲು, ಕತ್ತರಿಸುವಿಕೆ, ಜೋಡಣೆ

ಒಂಟಿ ಕಂಬದ ಮೇಜಿಗೆ ಪಾದಗಳ ಸಂಖ್ಯೆ ಅಲಂಕಾರದ ಪ್ರಶ್ನೆಯಲ್ಲ. ಮೇಜು 60 ಕೆ.ಜಿ. ತೂಗುತ್ತದೆ, ಪಾದಗಳು ಕೇಂದ್ರದಿಂದ 450 ಮಿ.ಮೀ. ಚಾಚಿವೆ ಎಂದು ಹಿಡಿದರೆ, ನಾಲ್ಕು ಪಾದಗಳಿದ್ದಾಗ ಹಿಗ್ಗಿದ ಅಂಚಿನ ಮೇಲೆ ಸುಮಾರು 44 ಕೆ.ಜಿ. ಬಿದ್ದರೇ ಮೇಜು ಮಗುಚುತ್ತದೆ. ಆರು ಪಾದಗಳಾದರೆ 65 ಕೆ.ಜಿ.ವರೆಗೆ ತಡೆಯುತ್ತದೆ. ಅಂಚಿಗೆ ಕೈಯೂರಿ ಏಳುವವರು ಇರುವ ಮನೆಯಲ್ಲಿ ಪಾದಗಳನ್ನು ಇನ್ನಷ್ಟು ಚಾಚುವುದೇ ಕ್ಷೇಮ.

ಹೋಳುಗಳಿಗೆ ಪ್ಲೈವುಡ್ ಬಳಸಿದರೆ ತೇವಕ್ಕೆ ಮರ ಹಿಗ್ಗಿ ಕೂಡುಗಳು ಕೆಡುವ ಭಯ ಕಡಿಮೆ. ಕೋನದ ವಿಷಯದಲ್ಲಿ ಮಾತ್ರ ರಿಯಾಯಿತಿಯಿಲ್ಲ: ಪ್ರತಿ ಹೋಳಿನಲ್ಲಿ 0.1 ಡಿಗ್ರಿ ಕಡಿಮೆಯಾದರೂ ಆರನ್ನು ಕೂಡಿಸಿದಾಗ ಅಂಚಿನಲ್ಲಿ 6 ಮಿ.ಮೀ.ಗೂ ಹೆಚ್ಚು ಬಿರುಕು ಬಿಡುತ್ತದೆ. ಆದ್ದರಿಂದ ಹೋಳುಗಳನ್ನು ಮೊದಲು ತುಸು ದೊಡ್ಡದಾಗಿಯೇ ಕತ್ತರಿಸಿ, ಮೂರು ಮೂರರಂತೆ ಒತ್ತಾಗಿ ಜೋಡಿಸಿ ಎರಡು ಅರ್ಧವೃತ್ತ ಮಾಡಿ, ಅರ್ಧವೃತ್ತಗಳ ನೇರ ಅಂಚನ್ನು ಒಮ್ಮೆಗೇ ಹತ್ತರಿ ಹೊಡೆದು ನೇರಗೊಳಿಸಬೇಕು. ಉಳಿದ ಅಲ್ಪ ದೋಷ ಅಲ್ಲೇ ಕರಗುತ್ತದೆ. ದುಂಡಗಿನ ಅಂಚನ್ನು, ಆರೂ ಹೋಳುಗಳು ಹಳಿಗಳ ಮೇಲೆ ಮುಚ್ಚಿದ ಸ್ಥಿತಿಯಲ್ಲಿ ಕೂತ ಮೇಲೆಯೇ, ಕೇಂದ್ರಕ್ಕೆ ಮೊಳೆ ಹೊಡೆದು ರೂಟರ್ ತಿರುಗಿಸಿ ಕತ್ತರಿಸಬೇಕು.

ಪಟ್ಟಿಗಳನ್ನು ಎಲ್ಲಕ್ಕಿಂತ ಕೊನೆಗೆ, ಮೇಜನ್ನು ಹಿಗ್ಗಿಸಿ 350ರ ಕಮಾನಿನಲ್ಲಿ ನಿಲ್ಲಿಸಿ, ನಿಜವಾಗಿ ಬಂದ ತೆರಪನ್ನು ಅಳೆದು ಕತ್ತರಿಸಬೇಕು. ಲೆಕ್ಕದ 150 ಮಿ.ಮೀ. ಕೆಲಸದಲ್ಲಿ ಅರ್ಧ ಮಿ.ಮೀ. ಆಚೀಚೆ ಆಗಿರಬಹುದು. ಪ್ರತಿ ಪಟ್ಟಿಯನ್ನೂ ಅದರದೇ ತೆರಪಿಗೆ ಹೊಂದಿಸುವುದರಿಂದ, ಪಟ್ಟಿಗಳ ಅಡಿಯಲ್ಲಿಯೂ ಅವುಗಳ ಎಡಕ್ಕೆ ಬರುವ ಹೋಳುಗಳ ಅಡಿಯಲ್ಲಿಯೂ ಒಂದರಿಂದ ಆರರವರೆಗೆ ಸಂಖ್ಯೆ ಬರೆದಿಡಬೇಕು.