ಉಳಿ, ಕೊಡತಿ, ಒಂದು ಹಿಡಿ ಕೆಂಡ: ಲೇತ್ ಇಲ್ಲದೆ ಮರದ ಬಟ್ಟಲು

ಮಲೆನಾಡಿನ ಹಳೆಯ ಅಡುಗೆಮನೆಗಳಲ್ಲಿ ಉಪ್ಪಿನ ಮರಿಗೆ ನೋಡಿದ್ದೀರಾ? ಒಂದೇ ಮರದ ತುಂಡನ್ನು ತೋಡಿ ಮಾಡಿದ್ದು. ಅಂಟಿಲ್ಲ, ಮೊಳೆಯಿಲ್ಲ. ಉಪ್ಪು ಕಬ್ಬಿಣವನ್ನು ತಿಂದುಹಾಕುತ್ತದೆ, ಮರವನ್ನು ಏನೂ ಮಾಡುವುದಿಲ್ಲ. ಅದಕ್ಕೇ ಮರಿಗೆ.

ಮರದ ಬಟ್ಟಲು ಅಂದರೆ ನಮಗೆ ಚನ್ನಪಟ್ಟಣದ ಲೇತ್ ಮೇಲೆ ಗಿರ್ರನೆ ತಿರುಗುವ ಹಾಲೆ ಮರದ ತುಂಡು ನೆನಪಾಗುತ್ತದೆ. ಆದರೆ ಲೇತ್ ಮೇಲೆ ಮಾಡಿದ್ದು ದುಂಡಗೇ ಇರಬೇಕು. ಕೈಯಲ್ಲಿ ತೋಡುವವರಿಗೆ ಆ ಹಂಗಿಲ್ಲ. ಉದ್ದ, ಅಂಡಾಕಾರ, ಸ್ವಲ್ಪ ಸೊಟ್ಟ, ಮರ ಹೇಗಿದೆಯೋ ಹಾಗೆ. ಮೊದಲ ಸಲ ಮಾಡುವವರು ಅಂಡಾಕಾರವನ್ನೇ ಆರಿಸಿಕೊಳ್ಳಿ, ಮರದ ನಾರಿನ ಎಳೆ ಹೋದ ದಿಕ್ಕಿಗೇ ಬಟ್ಟಲಿನ ಉದ್ದ ಬರಲಿ.

ಯಾವ ಮರ?

ನನ್ನ ಆಯ್ಕೆ ಹಲಸು. ಉಳಿಗೆ ಸಲೀಸಾಗಿ ಬಗ್ಗುತ್ತದೆ, ಚೇಗು, ಅಂದರೆ ಒಳಗಿನ ಗಟ್ಟಿ ತಿರುಳು, ಹಳದಿಯಾಗಿ ಚೆನ್ನಾಗಿ ಕಾಣುತ್ತದೆ, ಬೆಳಕಿಗೆ ಇಟ್ಟಷ್ಟೂ ಕಂದು ಬಣ್ಣಕ್ಕೆ ತಿರುಗುತ್ತದೆ. ಶಿವನೆಯೂ ಒಳ್ಳೆಯದು, ಹಗುರ. ಮಾವು ಆಗಬಹುದು. ಬೇವಿನ ಬಟ್ಟಲು ಚೆಂದವೇ, ಆದರೆ ಪಾಯಸ ಹಾಕುವ ಯೋಚನೆ ಬಿಡಿ. ಕಾಸರಕ ಮತ್ತು ಕಣಗಿಲೆ ಮುಟ್ಟಲೇಬೇಡಿ, ವಿಷದ ಗಿಡಗಳು. ಕಾಡುಗೇರಿನ ಸೊನೆ ತಾಗಿದರೆ ಮೈಯೆಲ್ಲ ಬೊಕ್ಕೆ ಏಳುತ್ತದೆ. ಬಟ್ಟಲಿಗಾಗಿ ಮರ ಕಡಿಯುವ ಅಗತ್ಯವೇ ಇಲ್ಲ. ಗಾಳಿಗೆ ಬಿದ್ದ ಕೊಂಬೆ ಸಾಕು, ಇಲ್ಲವೇ ಸಾಮಿಲ್‌ನಲ್ಲಿ ಉಳಿದ ತುಂಡು ಕೇಳಿ.

ಒಣಗಿದ ಮರಕ್ಕಿಂತ ಹಸಿ ಮರ ತೋಡುವುದು ಎಷ್ಟೋ ಸುಲಭ. ಸುಮಾರು 22 ಸೆಂ.ಮೀ. ದಪ್ಪ, 30 ಸೆಂ.ಮೀ. ಉದ್ದದ ತುಂಡು ತಂದಿದ್ದೀರಿ ಎಂದುಕೊಳ್ಳಿ. ಕೊಡಲಿಯನ್ನು ತುದಿಯ ಮೇಲೆ ನಡುಮಧ್ಯಕ್ಕೆ ಇಟ್ಟು, ಹಿಂದಿನಿಂದ ಕೊಡತಿಯಲ್ಲಿ (ಮರದ ಸುತ್ತಿಗೆ) ಹೊಡೆದು ಎರಡು ಹೋಳು ಮಾಡಿ. ಈಗ ಸೀಳಿದ ಮುಖದಲ್ಲಿ ನಡುವಿನ ಬೆಂಡು ಕಾಣುತ್ತದೆ. ಅದನ್ನು ಒಂದೂವರೆ ಸೆಂ.ಮೀ.ನಷ್ಟು ಕೆತ್ತಿ ತೆಗೆದುಬಿಡಿ. ಇದನ್ನು ಮಾತ್ರ ತಪ್ಪಿಸಬೇಡಿ. ಮರ ಒಣಗುವಾಗ ಎಲ್ಲ ಕಡೆ ಒಂದೇ ಸಮ ಕುಗ್ಗುವುದಿಲ್ಲ. ಬೆಂಡಿನಿಂದ ತೊಗಟೆಯ ಕಡೆಗೆ ಎಷ್ಟು ಕುಗ್ಗುತ್ತದೋ, ಸುತ್ತಿನ ಉದ್ದಕ್ಕೆ ಹೆಚ್ಚುಕಡಿಮೆ ಅದರ ಎರಡರಷ್ಟು ಕುಗ್ಗುತ್ತದೆ. ಬೆಂಡು ಒಳಗೇ ಉಳಿದರೆ ಈ ಎಳೆದಾಟ ತಡೆಯಲಾರದೆ ಬಟ್ಟಲು ಸೀಳುತ್ತದೆ.

ಮೊದಲು ಒಳಗೆ, ಆಮೇಲೆ ಹೊರಗೆ

ತೊಗಟೆಯ ಕಡೆಯನ್ನು ಬಾಚಿಯಿಂದ ಸ್ವಲ್ಪ ಚಪ್ಪಟೆ ಮಾಡಿ. ಅದು ಬಟ್ಟಲಿನ ತಳ. ಹಲಸಿನ ತೊಗಟೆಯ ಮೇಣ ಅಂಟುತ್ತದೆ, ಹಣ್ಣು ಬಿಡಿಸುವಾಗ ಹಚ್ಚುವಂತೆ ಕೈಗೂ ಬಾಚಿಗೂ ಒಂದಿಷ್ಟು ಎಣ್ಣೆ ಹಚ್ಚಿಕೊಳ್ಳಿ. ಸೀಳಿದ ಮುಖದ ಮೇಲೆ ಪೆನ್ಸಿಲ್‌ನಿಂದ ಅಂಡಾಕಾರ ಬರೆಯಿರಿ. ಅದರೊಳಗೆ ಎರಡು ಸೆಂ.ಮೀ. ಬಿಟ್ಟು ಇನ್ನೊಂದು ಗೆರೆ. ಅಂಚು ಅಷ್ಟು ದಪ್ಪ ಇರಲಿ.

ತುಂಡನ್ನು ಕಾಲಲ್ಲಿ ಒತ್ತಿ ಹಿಡಿದು ಕೆತ್ತುವ ಬಡಗಿಗಳನ್ನು ನೋಡಿರುತ್ತೀರಿ. ನೀವು ಹಾಗೆ ಮಾಡಬೇಡಿ. ಒಂದು ದಪ್ಪ ಹಲಗೆಯ ಮೇಲೆ ತುಂಡಿಟ್ಟು, ಸುತ್ತ ನಾಲ್ಕು ಮರದ ಕಟ್ಟಿಗೆ ಮೊಳೆ ಹೊಡೆದು, ಸಂದಿಗೆ ಬೆಣೆ ಬಡಿದರೆ ಅಲುಗಾಡುವುದಿಲ್ಲ. ಹೊರಗನ್ನು ಮೊದಲೇ ದುಂಡಗೆ ಮಾಡಿದರೆ ಹೀಗೆ ಹಿಡಿದು ನಿಲ್ಲಿಸಲು ಆಗುವುದಿಲ್ಲ. ಅದಕ್ಕೇ ಒಳಗನ್ನು ಮೊದಲು ತೋಡುವುದು.

ಆಳ ತಿಳಿಯಲು ಒಂದು ಉಪಾಯವಿದೆ. ಬೈರಿಗೆಯ ಮೊನೆಗೆ 6 ಸೆಂ.ಮೀ.ಗೆ ಸರಿಯಾಗಿ ಟೇಪು ಸುತ್ತಿ, ನಡುವೆ ಆ ಆಳಕ್ಕೆ ಒಂದು ತೂತು ಹಾಕಿ. ತೋಡುತ್ತಾ ತೋಡುತ್ತಾ ತೂತು ಮಾಯವಾಯಿತೆಂದರೆ ನಿಲ್ಲಿಸಬೇಕು. ಅಂದಾಜಿನ ಮೇಲೆ ಹೋದವರು ಬಟ್ಟಲು ಮಾಡಲು ಹೊರಟು ಜರಡಿ ಮಾಡಿದ್ದಾರೆ!

ಬೇಕಾದ ಉಳಿ ಬಾಯಿ ಕಮಾನಿನಂತೆ ಬಾಗಿದ್ದು. ಹಾರ್ಡ್‌ವೇರ್ ಅಂಗಡಿಯಲ್ಲಿ ಗೌಜ್ ಎಂದು ಕೇಳಿ. ನಡುವಿನಿಂದ ಶುರು ಮಾಡಿ ಒಂದು ಗುಂಡಿ ಮಾಡಿ, ಆಮೇಲೆ ಅಂಚಿನ ಕಡೆಗೆ ಅಗಲ ಮಾಡುತ್ತಾ ಹೋಗಿ. ಉಳಿ ಮಾತ್ರ ಯಾವಾಗಲೂ ಅಂಚಿನಿಂದ ತಳಕ್ಕೆ ಇಳಿಯಬೇಕು, ಇಳಿಜಾರಿನಲ್ಲಿ ನೀರು ಹರಿದ ಹಾಗೆ. ತಳದಿಂದ ಮೇಲಕ್ಕೆ ಕೆತ್ತಿದರೆ ಎಳೆ ಎದ್ದು ಸಿಬಿರು ಸಿಬಿರಾಗುತ್ತದೆ. ಹೀಗಾಗುತ್ತಿದ್ದರೆ ಜಾಸ್ತಿ ಬಲ ಹಾಕಬೇಡಿ. ದಿಕ್ಕು ಬದಲಿಸಿ, ಇಲ್ಲವೇ ಸಾಣೆಕಲ್ಲು ಹುಡುಕಿ. ಮೊಂಡು ಉಳಿಯೇ ಕೈ ಕುಯ್ಯುವುದು, ಜಾರುವುದು ಅದೇ ಅಲ್ವಾ. ಎಡಗೈ ಎಂದೂ ಉಳಿಯ ಮುಂದೆ ಬರಬಾರದು.

ಗೌಜ್ ಸಿಗದಿದ್ದರೆ ಕೆಂಡ ಇದೆ. ಗಟ್ಟಿ ಸೌದೆಯ ಒಂದೆರಡು ಕೆಂಡವನ್ನು ನಡುವೆ ಇಟ್ಟು ಊದುಗೊಳವೆಯಿಂದ ಮೆಲ್ಲಗೆ ಊದಿ. ಅಂಚಿಗೆ ಹಸಿ ಮಣ್ಣು ಮೆತ್ತಿರಿ, ಉರಿ ಅಲ್ಲಿಗೆ ಹೋಗದು. ಕೆಂಡ ಮಂಕಾದಾಗ ಅದನ್ನು ತೆಗೆದು, ಕರಿಯನ್ನು ಚಿಪ್ಪಿನಿಂದಲೋ ಹಳೆ ಚಮಚದಿಂದಲೋ ಕೆರೆಯಿರಿ. ಮತ್ತೆ ಕೆಂಡ, ಮತ್ತೆ ಕೆರೆತ. ಒಂದು ಮಧ್ಯಾಹ್ನ ಹಿಡಿಯುತ್ತದೆ, ಆದರೆ ಅಂಗಳದಲ್ಲಿ ಮಕ್ಕಳ ಜೊತೆ ಕೂತು ಮಾಡಲು ಇದಕ್ಕಿಂತ ಒಳ್ಳೆಯ ಕೆಲಸ ನನಗೆ ಗೊತ್ತಿಲ್ಲ. ಅವಸರಕ್ಕೆ ರಾಶಿ ಕೆಂಡ ಸುರಿದರೆ ಮರ ಬಿರಿಯುತ್ತದೆ. ಪಕ್ಕದಲ್ಲಿ ಒಂದು ಬಕೆಟ್ ನೀರಿರಲಿ.

ಒಳಗಾದ ಮೇಲೆ ಬಟ್ಟಲನ್ನು ಬೋರಲು ಹಾಕಿ ಹೊರಗನ್ನು ಬಾಚಿ, ಉಳಿ, ಅರದಿಂದ ಇಳಿಸಿ. ಈಗ ತಳದಿಂದ ಅಂಚಿಗೆ, ಅಂದರೆ ಮತ್ತೆ ಎತ್ತರದಿಂದ ತಗ್ಗಿಗೇ. ತಳಕ್ಕೂ ಗೋಡೆಗೂ ಸುತ್ತ ಎರಡು ಸೆಂ.ಮೀ. ದಪ್ಪ ಬಿಡಿ. ಒಂದು ಕಡೆ ದಪ್ಪ, ಒಂದು ಕಡೆ ತೆಳು ಆದರೆ ಒಣಗುವಾಗ ಪೇಚು.

ಒಣಗಲು ಬಿಡಿ

ನನ್ನ ಮೊದಲ ಬಟ್ಟಲನ್ನು ತಾರಸಿಯ ಬಿಸಿಲಿಗೆ ಇಟ್ಟಿದ್ದೆ. ಏಪ್ರಿಲ್ ತಿಂಗಳು. ಸಂಜೆ ಹೋಗಿ ನೋಡಿದರೆ ಅಂಚಿನಿಂದ ತಳದವರೆಗೆ ಬೆರಳು ತೂರುವಷ್ಟು ಬಿರುಕು. ಎಳೆಗಳ ತುದಿ ಬಾಯಿ ತೆರೆದಿರುವ ಎರಡು ಕೊನೆಗಳಿಂದ ನೀರು ಬೇಗ ಹೋಗುತ್ತದೆ, ಉಳಿದ ಕಡೆ ನಿಧಾನ. ಹಾಗಾಗಿ ಆ ಎರಡು ಕೊನೆಗಳಿಗೆ ಕರಗಿಸಿದ ಮೇಣ ಹಚ್ಚಿ. ಬಟ್ಟಲನ್ನು ಅದರದೇ ಚಕ್ಕೆಗಳ ಜೊತೆ ಕಾಗದದ ಚೀಲದಲ್ಲಿ ಹಾಕಿ ಮಂಚದ ಕೆಳಗೆ ತಳ್ಳಿಬಿಡಿ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತಾಗ ಒಣಗಿದೆ ಎಂದರ್ಥ. ಮಳೆಗಾಲದಲ್ಲಿ ಇದಕ್ಕೆ ತಿಂಗಳುಗಳೇ ಬೇಕಾಗಬಹುದು. ಚಕ್ಕೆಗೆ ಬೂಸ್ಟು ಹಿಡಿದರೆ ಬದಲಾಯಿಸಿ.

ನಯ ಮತ್ತು ಎಣ್ಣೆ

ಒಣಗಿದ ಬಟ್ಟಲು ಸ್ವಲ್ಪ ಸೊಟ್ಟಗಾಗಿರುತ್ತದೆ. ಗಾಬರಿ ಬೇಡ. ಆ ಎರಡು ಸೆಂ.ಮೀ. ದಪ್ಪ ಉಳಿಸಿದ್ದೇ ಇದಕ್ಕೆ. ಚೂಪು ಉಳಿಯಿಂದ ಒಂದು ಸೆಂ.ಮೀ.ಗೆ ಇಳಿಸಿ, ನಂತರ ಉಪ್ಪುಕಾಗದ (ಸ್ಯಾಂಡ್‌ಪೇಪರ್), ಒರಟಿನಿಂದ ನಯಕ್ಕೆ: ನಂಬರ್ 80, 120, 180, 240, ಈ ಸಾಲಿನಲ್ಲೇ. 180 ಆದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿದರೆ ಮಲಗಿದ್ದ ಎಳೆಗಳೆಲ್ಲ ಎದ್ದು ನಿಲ್ಲುತ್ತವೆ, ಅವು 240ಕ್ಕೆ ಹೋಗುತ್ತವೆ. ಉಳಿಯ ಗುರುತುಗಳು ಹಾಗೇ ಇರಲಿ ಎನ್ನುವವರು ಹೊರಮೈಯನ್ನು ಉಜ್ಜಬೇಕಿಲ್ಲ. ನನಗೂ ಅದೇ ಇಷ್ಟ.

ಎಣ್ಣೆಗೆ ಕಚ್ಚಾ ಅಗಸೆ ಎಣ್ಣೆ ಒಳ್ಳೆಯದು, ಅದು ಮರದೊಳಗೆ ಗಟ್ಟಿಯಾಗಿ ಕೂರುತ್ತದೆ. ಪೇಂಟ್ ಅಂಗಡಿಯಲ್ಲಿ ಸಿಗುವ ಕಾಯಿಸಿದ ಅಗಸೆ ಎಣ್ಣೆಗೆ ಬೇಗ ಒಣಗಲು ಲೋಹದ ಲವಣ ಸೇರಿಸಿರುತ್ತಾರೆ, ಊಟದ ಬಟ್ಟಲಿಗೆ ಬೇಡ. ತೆಂಗಿನೆಣ್ಣೆಯೂ ನಡೆಯುತ್ತದೆ, ಆದರೆ ಅದು ಗಟ್ಟಿಯಾಗದು, ಆಗಾಗ ಹಚ್ಚುತ್ತಿರಬೇಕು. ಎಣ್ಣೆ ಹಚ್ಚಿ ಅರ್ಧ ಗಂಟೆ ಬಿಟ್ಟು, ಹೀರದೆ ಉಳಿದದ್ದನ್ನು ಒರೆಸಿ, ಕೆಲವು ದಿನ ಬಿಟ್ಟು ಮತ್ತೆ ಹಚ್ಚಿ. ಇನ್ನೊಂದು ಮಾತು: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುರಿ ಮೂಲೆಗೆ ಎಸೆಯಬೇಡಿ. ಅದು ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿ, ಹೊರಗೆ ಅಗಲವಾಗಿ ಹರಡಿ ಒಣಗಿಸಿ.

ಬಳಸುವಾಗ ಸಿಂಕ್‌ನಲ್ಲಿ ನೆನೆಹಾಕಬೇಡಿ. ತೊಳೆದು, ಒರೆಸಿ, ನೆರಳಲ್ಲಿ ಇಡಿ. ಬಿರುಕು ಬಿಟ್ಟ ನನ್ನ ಆ ಮೊದಲ ಬಟ್ಟಲು ಇವತ್ತಿಗೂ ಅಡುಗೆಮನೆಯಲ್ಲಿದೆ. ಅದರಲ್ಲಿ ಬೆಳ್ಳುಳ್ಳಿ ಹಾಕಿಡುತ್ತೇವೆ. ಬಿರುಕಿನಿಂದ ಗಾಳಿಯಾಡುತ್ತದೆ, ಚೆನ್ನಾಗಿ ಇರುತ್ತದೆ.