ಮಾಗಡಿ ರಸ್ತೆಯ ಕುರುಚಲು ಕಾಡನ್ನು ಕಾದಂಬರಿ ಮಾಡಿ ನಾನೇ ಮಾರಿದ ಬಗೆ

‘ಕಾಡಿನ ಕಾದಂಬರಿ ಬರೆಯಬೇಕಾದರೆ ಮಲೆನಾಡಿಗೆ ಹೋಗಿ ಇರಿ. ಬೆಂಗಳೂರಿನ ವಿಜಯನಗರದ ಬಾಡಿಗೆ ಮನೆಯಲ್ಲಿದ್ದುಕೊಂಡು ಯಾವ ಕಾಡು ಬರೆಯುತ್ತೀರಿ?’ ಎಂದು ನನ್ನನ್ನು ಕೇಳಿದವರು ಒಬ್ಬಿಬ್ಬರಲ್ಲ. ಕೇಳಿದವರಲ್ಲಿ ಹೆಸರು ಮಾಡಿದ ಬರಹಗಾರರೂ ಇದ್ದರು, ಪುಸ್ತಕ ವ್ಯಾಪಾರದಲ್ಲಿ ತಲೆ ನರೆತವರೂ ಇದ್ದರು. ನಾನು ಮಾಗಡಿ ಕಡೆಯ ಕುರುಚಲು ಕಾಡು, ಅರ್ಕಾವತಿ ನದಿಯ ದಂಡೆ ಮತ್ತು ರಾಗಿ ಹೊಲ ಕಾಯುವ ಜನರನ್ನೇ ಇಟ್ಟುಕೊಂಡು 240 ಪುಟದ ಕಾದಂಬರಿ ಬರೆದೆ. ಅಚ್ಚು ಹಾಕಿಸಿದ್ದೂ ಮಾರಿದ್ದೂ ನಾನೇ. ಮೊದಲ ಮುದ್ರಣದ 1000 ಪ್ರತಿ ವರ್ಷ ತುಂಬುವ ಹೊತ್ತಿಗೆ ಹೆಚ್ಚುಕಡಿಮೆ ಖಾಲಿಯಾಯಿತು, ಹಾಕಿದ ದುಡ್ಡು ಕೈಗೆ ಬಂದು ಮೇಲೆ ಒಂದಿಷ್ಟು ಉಳಿಯಿತು. ಇದೇ ಹಾದಿಯಲ್ಲಿರುವ ಗೆಳೆಯರು ಹೇಗೆ ಮಾಡಿದಿರಿ ಎಂದು ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ. ಪುಸ್ತಕದ ಡೆಮಿ ಅಳತೆ, ಹದಿನಾರು ಪುಟಕ್ಕೊಂದರಂತೆ ಫಾರಂ ಲೆಕ್ಕ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ತರುವಾಗ ಅರ್ಕಾವತ್ತು ಒಡೆಯುವ ತಲೆನೋವು, ಇವೆಲ್ಲ ಆ ಗೆಳೆಯರಿಗೆ ಗೊತ್ತಿರುವಂಥವು. ಅವುಗಳ ಗೊಡವೆಗೆ ಹೋಗುವುದಿಲ್ಲ.

ಬೆಂಗಳೂರಿನಲ್ಲಿದ್ದು ಕಾಡು ಬರೆಯಲಾಗದು ಎನ್ನುವವರು ಕೆನೆತ್ ಆಂಡರ್ಸನ್‌ರನ್ನು ಮರೆತಿದ್ದಾರೆ. 1910ರಿಂದ 1974ರವರೆಗೆ ಬದುಕಿದ್ದ ಈ ಮನುಷ್ಯ ಬೆಂಗಳೂರಿನವರು. ಇಲ್ಲಿನ ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಲೇ ಸುತ್ತಮುತ್ತಲ ಕಾಡು ತಿರುಗಿದವರು, ಬೇಟೆಯ ಅನುಭವಗಳ ಜೊತೆಗೆ ಕಾದಂಬರಿಯನ್ನೂ ಬರೆದವರು. ಅವರ ಕಾಡಿನ ಕಥೆಗಳನ್ನು ಕನ್ನಡಕ್ಕೆ ತಂದವರು ಪೂರ್ಣಚಂದ್ರ ತೇಜಸ್ವಿ. ಮೂಡಿಗೆರೆಯಲ್ಲಿ ನೆಲೆಸಿದ ತೇಜಸ್ವಿ ತಮ್ಮ ಕಣ್ಣೆದುರಿನ ಜಗತ್ತನ್ನೇ ಬರೆದರು. 2007ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಹಾದಿಯಲ್ಲಿ ಹೊರಟ ನಮ್ಮಲ್ಲಿ ಬಹಳ ಮಂದಿ ಅವರ ಮಳೆ, ಜಿಗಣೆ, ಕಾಫಿ ತೋಟಗಳನ್ನು ಹಿಡಿದುಕೊಂಡೆವೇ ಹೊರತು, ತಾನಿರುವ ಜಾಗವನ್ನು ಬಿಡದೆ ನೋಡುವ ಅವರ ಹಟವನ್ನು ಹಿಡಿಯಲಿಲ್ಲ. ನಾನು ಹಿಡಿದದ್ದು ಆ ಹಟವನ್ನು. ಈ ಮಾತನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತೇನೆ.

ನನ್ನ ಜಾಗ ಮಂಚನಬೆಲೆಯಿಂದ ಸಾವನದುರ್ಗದವರೆಗಿನ ಪಟ್ಟಿ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಅರ್ಕಾವತಿ ತಿಪ್ಪಗೊಂಡನಹಳ್ಳಿ ದಾಟಿ ಇಲ್ಲಿಗೆ ಬರುತ್ತದೆ, ಮುಂದೆ ಸಂಗಮದಲ್ಲಿ ಕಾವೇರಿ ಸೇರುತ್ತದೆ. ಬನ್ನೇರುಘಟ್ಟದ ಆನೆಗಳು ಸಾವನದುರ್ಗದ ಮೇಲೆ ಹಾದು ತುಮಕೂರಿನ ಕಡೆಗೆ ನಡೆಯುವ ದಾರಿಯೂ ಇದೇ. ಜಾಲಿ, ಕಕ್ಕೆ, ದಿಂಡಿಗದ ಮರಗಳು, ಎಲ್ಲಿ ನೋಡಿದರೂ ಲಂಟಾನದ ಪೊದೆ. ಬೇಸಿಗೆಯಲ್ಲಿ ಸುಟ್ಟು ಕರಕಲಾಗಿ ಕಾಣುತ್ತದೆ. ಆದರೆ ಅದೇ ಬಂಡೆಗಳಲ್ಲಿ ಕರಡಿ ಇದೆ, ಚಿರತೆ ಇದೆ, ಪಕ್ಷಿ ನೋಡುವವರು ದೇಶದ ಮೂಲೆಮೂಲೆಯಿಂದ ಹುಡುಕಿ ಬರುವ ಹಳದಿ ಕೊರಳಿನ ಪಿಕಳಾರ ಇದೆ. ಹತ್ತಿರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಿದ್ದಾರೆ. ಇಷ್ಟಿದ್ದರೂ ಇದು ಕಾಡೇ ಅಲ್ಲ ಎಂದರೆ ನಾನು ಒಪ್ಪುವುದಿಲ್ಲ.

ಬರೆಯುವವರಿಗೆ ಎದುರಾಗುವ ಮೊದಲ ತೊಡಕು ರಾತ್ರಿ. ಅರಣ್ಯದೊಳಗೆ ನಮ್ಮಂಥವರಿಗೆ ರಾತ್ರಿ ಉಳಿಯಲು ಬಿಡುವುದಿಲ್ಲ, ಬಿಡಬಾರದು ಕೂಡ. ಆದರೆ ರಾಗಿ ಹೊಲ ರೈತನದು, ಕಾಡಿನ ಅಂಚಿನಲ್ಲೇ ಇರುತ್ತದೆ, ಅದರಲ್ಲಿ ಒಂದು ಅಟ್ಟಣೆ ಇರುತ್ತದೆ. ನವೆಂಬರ್, ಡಿಸೆಂಬರಿನಲ್ಲಿ ತೆನೆ ಬಲಿತಾಗ ಮನೆಯವರು ಸರದಿಯ ಮೇಲೆ ಕಾವಲು ಕೂರುತ್ತಾರೆ. ನಾನು ಆ ಸರದಿಗೆ ಸೇರಿಕೊಂಡೆ. ಎರಡು ಸುಗ್ಗಿ ಹಾಗೆ ಕಳೆಯಿತು. ಮೂರನೆಯದರಲ್ಲಿ ಅವರೇ ಫೋನ್ ಮಾಡಿ ‘ಬರುವುದಿಲ್ಲವೇ ಸ್ವಾಮಿ, ಮೊನ್ನೆಯಿಂದ ಆನೆ ಓಡಾಟ ಶುರುವಾಗಿದೆ’ ಎಂದು ಕರೆಯತೊಡಗಿದರು. ಅವರ ನಂಬಿಕೆ ಗಳಿಸಲು ನಾನು ಮಾಡಿದ್ದೇನು ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಅದು ದುಡ್ಡಿನಿಂದ ಆಗುವ ಕೆಲಸವಲ್ಲ ಎಂದಷ್ಟೇ ಹೇಳಬಲ್ಲೆ.

ಕಾದಂಬರಿಯ ಏಳನೆಯ ಅಧ್ಯಾಯ ಪೂರ್ತಿ ಹುಟ್ಟಿದ್ದು ಒಂದು ಸದ್ದಿನಿಂದ. ಅಮಾವಾಸ್ಯೆಯ ಆಸುಪಾಸು, ಮಂಜು ಬೇರೆ, ಮೂರು ಮಾರು ಆಚೆಗಿನ ಅವರೆ ಸಾಲು ಕಾಣುತ್ತಿರಲಿಲ್ಲ. ಹೊಲದ ಯಜಮಾನರು ಬೀಡಿ ಆರಿಸಿ ನನ್ನ ಮೊಣಕೈ ಮುಟ್ಟಿದರು. ಕಿವಿಗೊಟ್ಟರೆ ಹೊಲದ ಕೆಳ ಅಂಚಿನಿಂದ ಬುಡ ಕಿತ್ತ ಸದ್ದು, ಆಮೇಲೆ ಧಪ್, ಧಪ್ ಎಂದು ಎರಡು ಬಡಿತ, ಆಮೇಲೆ ಅಗಿಯುವುದು. ಆನೆ ರಾಗಿಯ ಬುಡವನ್ನು ಸೊಂಡಿಲಿನಿಂದ ಕಿತ್ತು, ಬೇರಿನ ಮಣ್ಣು ಉದುರಲೆಂದು ಮುಂಗಾಲಿಗೆ ಬಡಿದು, ಆಮೇಲೆ ಬಾಯಿಗಿಡುತ್ತದೆ. ‘ಒಂದೇ ಇದೆ, ಸಲಗ. ಗುಂಪಾಗಿದ್ದರೆ ಬಡಿತ ಅಲ್ಲೊಂದು ಇಲ್ಲೊಂದು ಕೇಳುತ್ತಿತ್ತು’ ಎಂದರು ಯಜಮಾನರು, ಉಸಿರಿನಷ್ಟೇ ದನಿಯಲ್ಲಿ. ಅವರು ಎದ್ದು ತಗಡು ಬಡಿಯುವ ಮುಂಚೆ ಕಿತ್ತ ಬುಡಗಳನ್ನು ಕಿವಿಯಲ್ಲೇ ಎಣಿಸುತ್ತಿದ್ದರು, ಅಷ್ಟೂ ಅವರ ವರ್ಷದ ಹಿಟ್ಟು. ಇದನ್ನು ಯಾವ ಸಾಕ್ಷ್ಯಚಿತ್ರದಿಂದಲೂ ಬರೆಯಲಾಗುತ್ತಿರಲಿಲ್ಲ.

ಟಿಪ್ಪಣಿಗೆ ಪೆನ್ ಬೇಡ, ಇಬ್ಬನಿಗೆ ಶಾಯಿ ಹರಡುತ್ತದೆ. 2ಬಿ ಪೆನ್ಸಿಲ್, ರಟ್ಟು ಹಾಕಿಸಿದ ಸಣ್ಣ ನೋಟ್‌ಬುಕ್ ಸಾಕು. ಎಡ ಪುಟದಲ್ಲಿ ಕಂಡದ್ದು, ಕೇಳಿದ್ದು, ವಾಸನೆ. ಬಲ ಪುಟದಲ್ಲಿ ಜನ ಆಡಿದ ಮಾತು, ಆಡಿದ ಹಾಗೆಯೇ. ನನಗನ್ನಿಸಿದ್ದನ್ನು ಬರೆಯಲು ಜಾಗವನ್ನೇ ಬಿಡುವುದಿಲ್ಲ. ಅನ್ನಿಸಿದ್ದು ಗಟ್ಟಿಯಾಗಿದ್ದರೆ ಮನೆಗೆ ಬಂದ ಮೇಲೂ ಇರುತ್ತದೆ.

ಇನ್ನು ಸೋಲುಗಳ ಮಾತು. ಕಾದಂಬರಿಗೆ ಮುಂಚೆ ಇದೇ ಪಟ್ಟಿಯ ಬಗ್ಗೆ ಪ್ರಬಂಧಗಳನ್ನು ಬರೆದಿದ್ದೆ. ಪತ್ರಿಕೆಗಳಲ್ಲಿ ಬಂದಾಗ ಲೇಖನಕ್ಕೆ 500, ಹೆಚ್ಚೆಂದರೆ 1500 ರೂಪಾಯಿ ಸಿಗುತ್ತಿತ್ತು, ಕೆಲವದಕ್ಕೆ ಅದೂ ಇಲ್ಲ. ಪೆಟ್ರೋಲಿಗೇ ತಿಂಗಳಿಗೆ ಎರಡು ಸಾವಿರ ಹೋಗುತ್ತಿತ್ತು. ಪುಸ್ತಕವಾಗಿ ತಂದ ಪ್ರಕಾಶಕರು ಗೌರವಧನದ ಬದಲು 50 ಪ್ರತಿ ಕೊಟ್ಟರು. ಅವುಗಳಲ್ಲಿ ಅರ್ಧ ನೆಂಟರಿಗೆ ಹೋದವು. ಕಾದಂಬರಿಯ ಹಸ್ತಪ್ರತಿ ಮುಗಿದಾಗ ಇನ್ನೊಬ್ಬ ಪ್ರಕಾಶಕರು ಓದಿ, ಬರವಣಿಗೆ ಚೆನ್ನಾಗಿದೆ, ಊರನ್ನು ಸಕಲೇಶಪುರದ ಕಡೆಗೆ ಬದಲಾಯಿಸಿದರೆ ಹಾಕುತ್ತೇನೆ ಎಂದರು. ರಾಗಿಯನ್ನು ಭತ್ತ ಮಾಡಿ ಎಂದ ಹಾಗೆ! ಆನೆ, ಬೆಳೆ, ಮಾತು, ಸಾಲದ ಲೆಕ್ಕ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿರುವಾಗ ಊರು ಬದಲಾದರೆ ಉಳಿಯುವುದೇನು? ಮೂರನೆಯವರು ಸಂಭಾಷಣೆಯನ್ನೆಲ್ಲ ಗ್ರಾಂಥಿಕ ಮಾಡಿ ಎಂದರು. ನಾಲ್ಕನೆಯವರ ಹತ್ತಿರ ಹಸ್ತಪ್ರತಿ ಎಂಟು ತಿಂಗಳು ಕೂತು ಹಾಗೆಯೇ ವಾಪಸು ಬಂತು. ಅಲ್ಲಿಗೆ ಸ್ವಂತ ಪ್ರಕಟಣೆಯ ತೀರ್ಮಾನ ಮಾಡಿದೆ.

ಲೆಕ್ಕ ನೆನಪಿನಿಂದ ಹೇಳುತ್ತೇನೆ, ಸ್ವಲ್ಪ ಆಚೀಚೆ ಇರಬಹುದು. ಪುಟ ವಿನ್ಯಾಸಕ್ಕೆ ಪುಟಕ್ಕೆ 30 ರೂಪಾಯಿಯಂತೆ 7000ದ ಮೇಲೆ, ಕರಡು ತಿದ್ದಿದವರಿಗೆ 3000, ಮುಖಪುಟಕ್ಕೆ 8000. ಕಾಗದ, ಮುದ್ರಣ, ಬೈಂಡಿಂಗ್ ಸೇರಿ 1000 ಪ್ರತಿಗೆ 75,000ದ ಆಸುಪಾಸು. 15 ಫಾರಂಗಳಿಗೆ ಸರಿಯಾಗಿ ಕೂರುವಂತೆ ಕೊನೆಯ ಎರಡು ಅಧ್ಯಾಯಗಳನ್ನು ಬಿಗಿ ಮಾಡಿದೆ. ಕಾದಂಬರಿಗೂ ಅದರಿಂದ ಒಳ್ಳೆಯದೇ ಆಯಿತು. ಮುಖಬೆಲೆ 280. ಅಂಗಡಿಗಳಿಗೆ ಶೇ 40 ಬಿಟ್ಟುಕೊಟ್ಟರೆ ಕೈಗೆ 168, ಅದೂ ಮಾರಾಟವಾದ ಎಷ್ಟೋ ತಿಂಗಳ ಮೇಲೆ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ, ಬಂದರೆ ಬರಲಿ ಎಂದು ಅರ್ಜಿ ಹಾಕಿದ್ದೆ ಅಷ್ಟೇ.

ಆದ್ದರಿಂದ ಮುಂಗಡ ಕಾಯ್ದಿರಿಸುವವರಿಗೆ 220ಕ್ಕೆ ಕೊಟ್ಟೆ. ಸುಮಾರು 400 ಪ್ರತಿಗೆ ದುಡ್ಡು ಬಂತು, ಅಂದರೆ 88,000. ಅಂಚೆ, ರಟ್ಟು, ಟೇಪು ಎಂದು ಪ್ರತಿಗೆ 40 ರೂಪಾಯಿಗೆ ಕಡಿಮೆಯಿಲ್ಲದಂತೆ ಹೋಯಿತು. ಮುದ್ರಣಾಲಯದವರಿಗೆ ಅರ್ಧ ಮೊದಲೇ ಕೊಟ್ಟು ಉಳಿದದ್ದಕ್ಕೆ ಎರಡು ತಿಂಗಳ ಗಡುವು ಕೇಳಿದ್ದೆ, ಒಂದೂವರೆ ತಿಂಗಳಲ್ಲಿ ತೀರಿಸಿದೆ. ಮೊದಲ ನೂರು ಮುಂಗಡ ಎಲ್ಲಿಂದ ಬಂತು ಎಂಬುದು ನನ್ನಲ್ಲೇ ಇರಲಿ, ಎರಡನೆಯ ಪುಸ್ತಕಕ್ಕೂ ಅದೇ ದಾರಿ ಬೇಕು. ಉಳಿದ ಮುನ್ನೂರರ ಗುಟ್ಟೇನೂ ಇಲ್ಲ. ಭಾನುವಾರ ಬೆಳಗ್ಗೆ ಬೆಟ್ಟ ಹತ್ತುವವರು, ಕೆರೆ ಉಳಿಸಿ ಎಂದು ಓಡಾಡುವವರು, ಮಾಗಡಿಯಿಂದ ಬಂದು ಬೆಂಗಳೂರಿನ ಕಾಮಾಕ್ಷಿಪಾಳ್ಯ, ಸುಂಕದಕಟ್ಟೆಯಲ್ಲಿ ನೆಲೆಸಿದವರು. ಈ ಕೊನೆಯವರೇ ಹೆಚ್ಚು. ತಮ್ಮ ಅಜ್ಜನ ಹೊಲ ಪುಸ್ತಕದಲ್ಲಿದೆ ಎಂದು ಒಬ್ಬೊಬ್ಬರು ಐದೈದು ಪ್ರತಿ ತೆಗೆದುಕೊಂಡರು. ಕಾಡಿನ ಕಾದಂಬರಿಗೆ ಓದುಗರಿಲ್ಲ ಎಂದವರು ಇವರನ್ನು ಒಂದು ದಿನವೂ ಕೇಳಿರಲಿಲ್ಲ.

ಸಭಾಂಗಣದಲ್ಲಿ ಬಿಡುಗಡೆ ಮಾಡಲಿಲ್ಲ. ಬಾಡಿಗೆ, ಹಾರ, ತಿಂಡಿ ಎಂದರೆ 20,000 ಹೋಗುತ್ತದೆ, ಮಾರಾಟವಾಗುವುದು ಮೂವತ್ತು ಪ್ರತಿ. ಅದರ ಬದಲು ಊರಿನ ಅರಳಿಕಟ್ಟೆಯಲ್ಲಿ ಒಂದು ಅಧ್ಯಾಯ ಓದಿದೆ. ಅಚ್ಚಿಗೆ ಹೋಗುವ ಮುಂಚೆಯೂ ಅಟ್ಟಣೆಯ ಮೇಲೆ ಕೆಲವು ಭಾಗಗಳನ್ನು ಯಜಮಾನರಿಗೆ ಓದಿ ಹೇಳಿದ್ದೆ. ಗಟ್ಟಿಯಾಗಿ ಓದುವಾಗ ಅವರು ಎಲ್ಲಿ ಬೆಂಕಿ ಕೆದಕಲು ಬಗ್ಗುತ್ತಾರೋ ಅಲ್ಲಿ ಬರಹ ಸಡಿಲವಾಗಿದೆ ಎಂದು ಗುರುತು ಹಾಕಿಕೊಂಡೆ. ಯಾವ ಸಂಪಾದಕರೂ ಇಷ್ಟು ನಿಖರವಾಗಿ ತೋರಿಸಿಕೊಟ್ಟಿಲ್ಲ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ನತ್ತಿಂಗ ಹಕ್ಕಿ, ಗೂಬೆ, ಕಪ್ಪೆಗಳ ದನಿಯನ್ನು ಮೊಬೈಲಿನಲ್ಲಿ ಹಿಡಿದು, ಅಧ್ಯಾಯದ ಕೊನೆಗೆ ಕ್ಯುಆರ್ ಕೋಡ್ ಹಾಕಿಸಿದೆ. ಕೇಳಿದವರು ನೂರರಲ್ಲಿ ಐದಾರು ಮಂದಿ. ಆದರೆ ಶಾಲೆಯ ಮೇಷ್ಟರೊಬ್ಬರು ತರಗತಿಯಲ್ಲಿ ಕೇಳಿಸಿ, ಮಕ್ಕಳಿಂದ ಅವರ ಊರಿನ ಸದ್ದುಗಳ ಪಟ್ಟಿ ಬರೆಸಿ ಕಳಿಸಿದರು. ಆ ಪಟ್ಟಿಯಿಂದ ನನಗೆ ಒಂದು ಹೊಸ ಕಥೆಯೇ ಸಿಕ್ಕಿತು. ದನಿಯಿಂದ ಟೈಪ್ ಮಾಡುವುದನ್ನು ನಡೆಯುತ್ತಲೇ ಪ್ರಯತ್ನಿಸಿದೆ. ಗಾಳಿಗೆ ಅರ್ಧ ಪದ ಹಾರಿಹೋಗುತ್ತವೆ, ಮಾಗಡಿ ಕಡೆಯ ಮಾತು ಅದಕ್ಕೆ ಹತ್ತುವುದೇ ಇಲ್ಲ, ಬಿಟ್ಟುಬಿಟ್ಟೆ. ಇ-ಪುಸ್ತಕ ಅರವತ್ತೋ ಎಪ್ಪತ್ತೋ ಹೋಗಿರಬೇಕು, ಹೊರದೇಶದವರಿಗೆ ಅನುಕೂಲ. ಮುಖಪುಟಕ್ಕೆ ಹುಲಿಯ ಚಿತ್ರ ಹಾಕಿದರೆ ಮಾರಾಟ ಹೆಚ್ಚುತ್ತದೆ ಎಂದು ಸಲಹೆ ಬಂದಿತ್ತು. ಕಥೆಯಲ್ಲಿ ಹುಲಿ ಇಲ್ಲ, ಹಾಕಲಿಲ್ಲ. ತಗಡಿನ ಡಬ್ಬ ಮತ್ತು ರಾಗಿ ತೆನೆ ಹಾಕಿಸಿದೆ, ಜನ ಅದನ್ನೇ ಗುರುತಿಟ್ಟು ಕೇಳಿದರು.

ಕಾದಂಬರಿಯಲ್ಲಿ ಬರುವ ಕೊಂಬಿನ ಗೂಬೆಯ ಬಂಡೆ ಎಲ್ಲಿದೆ ಎಂದು ಓದುಗರು ಈಗಲೂ ಕೇಳುತ್ತಾರೆ. ಹೇಳುವುದಿಲ್ಲ. ದೊಡ್ಡ ಲೆನ್ಸ್ ಹಿಡಿದು ಹತ್ತು ಮಂದಿ ಹೋಗಿ ನಿಂತರೆ ಗೂಡು ಬಿಡುತ್ತದೆ. ಪುಸ್ತಕದಲ್ಲೂ ದಿಕ್ಕು, ಹಳ್ಳ, ಮರಗಳನ್ನು ಬೇಕೆಂದೇ ಅದಲುಬದಲು ಮಾಡಿದ್ದೇನೆ.

ಎರಡನೆಯ ಮುದ್ರಣ 500 ಪ್ರತಿ, ಹೋದ ತಿಂಗಳು ಅಚ್ಚಿಗೆ ಹೋಯಿತು. ಪ್ರತಿ ಕಡಿಮೆಯಾದದ್ದರಿಂದ ತಲಾ ಖರ್ಚು 95ರ ಹತ್ತಿರ ಬಂದಿದೆ, ಬೆಲೆ 300 ಮಾಡಿದ್ದೇನೆ. ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರಾದ ಮೇಲೆ ಅಲ್ಲಿನ ಭೂಮಿಯ ಬೆಲೆಯ ಮಾತು ಜೋರಾಗಿದೆ, ನಾನು ಕಾವಲು ಕೂತ ಹೊಲಗಳ ಪಕ್ಕಕ್ಕೂ ಲೇಔಟ್ ಕಲ್ಲುಗಳು ಬಂದಿವೆ. ಮುಂದಿನ ಕಾದಂಬರಿ ಆ ಕಲ್ಲುಗಳ ಬಗ್ಗೆಯೇ. ನೋಟ್‌ಬುಕ್ ಎರಡು ತುಂಬಿವೆ, ಈ ಸುಗ್ಗಿಗೆ ಮೂರನೆಯದು ಶುರು.